ಕೂದಲಿನ ಪರೀಕ್ಷೆ ಮತ್ತು ಖನಿಜಗಳ ಸಮತೋಲನ

ಶರೀರಕ್ಕೆ ಕ್ಯಾಲ್ಸಿಯಂ, ಕಬ್ಬಿಣ, ಸತು ಮೊದಲಾದ ಖನಿಜಗಳು ಅತ್ಯವಶ್ಯಕವೆಂಬುದು ಸರ್ವವಿದಿತ. ಇವುಗಳ ಏರುಪೇರನ್ನು ಕೂದಲಿನಿಂದಲೇ ಅರಿತು ಸರಿಪಡಿಸುವುದಾಗಿ ಹೇಳುವ ದೀರ್ಘಾವಧಿಯ ಕ್ರಮವೊಂದುಂಟು. ತಲೆಯ ಹಿಂಭಾಗದಲ್ಲಿ ಬುಡಕ್ಕೆ ಸಮೀಪವಾಗಿ ಕತ್ತರಿಸಿದ ಕೂದಲನ್ನು ಪ್ರಯೋಗಾಲಯಕ್ಕೆ ಕಳುಹಿಸಿ, ವರದಿಯನ್ನನುಸರಿಸಿ ಗುಳಿಗೆಗಳನ್ನು ಗೊತ್ತುಮಾಡುತ್ತಾರೆ. ಕೂದಲು ತಿಂಗಳಿಗೆ ಸುಮಾರು 1 ಸೆಂಟಿಮೀಟರ್ ಬೆಳೆಯುವುದರಿಂದ, ಕೆಲವು ತಿಂಗಳ ತರುವಾಯ ಹೊಸ ಕೂದಲನ್ನು ಪುನಃ ಪರೀಕ್ಷಿಸಿ ಗುಳಿಗೆಗಳ ಪ್ರಮಾಣವನ್ನು ಬದಲಿಸುತ್ತಾರೆ. ಹೀಗೆ ವರ್ಷಗಟ್ಟಲೆ ನಡೆಯುತ್ತದೆ.

ಆದರೆ ಈ ಅಳತೆಗೋಲೇ ಸ್ಥಿರವಲ್ಲ. ಶಾಂಪೂ, ಬಣ್ಣ, ಸ್ನಾನದ ನೀರು ಇವೆಲ್ಲವೂ ಕೂದಲಿನ ಖನಿಜಾಂಶವನ್ನು ಬದಲಿಸಬಲ್ಲವು. 2001ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ, ಒಬ್ಬರೇ ಆರೋಗ್ಯವಂತರ ಕೂದಲನ್ನು ಹಂಚಿ 6 ಪ್ರಯೋಗಾಲಯಗಳಿಗೆ ಕಳುಹಿಸಿದಾಗ, 12 ಖನಿಜಗಳ ಅಂಕಿಗಳಲ್ಲಿ ಹತ್ತುಪಟ್ಟಿಗೂ ಮಿಗಿಲಾದ ಅಂತರ ಕಂಡುಬಂದಿತು. ಆದ್ದರಿಂದ ಎರಡನೆಯ ವರದಿಯಲ್ಲಿ ಕಾಣುವ ವ್ಯತ್ಯಾಸವು ಶರೀರದ್ದೋ ಪರೀಕ್ಷೆಯದ್ದೋ ಎಂದು ನಿರ್ಧರಿಸಲಾಗದು.

ಪಾದರಸ, ಆರ್ಸೆನಿಕ್‌ಗಳಂಥ ವಿಷವಸ್ತುಗಳ ಸೋಂಕನ್ನರಿಯಲು ಕೂದಲು ನೆರವಾಗುವುದು ನಿಜ. ಆದರೆ ರಕ್ತಹೀನತೆಯ ಶಂಕೆಯುಳ್ಳವರು ವೈದ್ಯರ ಸಲಹೆಯಂತೆ ಹಿಮೋಗ್ಲೋಬಿನ್, ಫೆರಿಟಿನ್ ಪರೀಕ್ಷೆಗಳನ್ನು ರಕ್ತದಲ್ಲಿಯೇ ಮಾಡಿಸುವುದು ಲೇಸು. ಅಗತ್ಯವಿಲ್ಲದೆ ಬಹುಕಾಲ ಸೇವಿಸಿದ ಕಬ್ಬಿಣವು ಯಕೃತ್ತಿಗೆ ಹಾನಿಕರವಾಗಬಲ್ಲದು. ಕೂದಲಿನ ಮುಂದಿನ ವರದಿಗಾಗಿ ಕಾಯುತ್ತ, ನಿಜವಾದ ರೋಗದ ಚಿಕಿತ್ಸೆಯನ್ನು ತಡಮಾಡಬಾರದೆಂಬುದೇ ವಾಚಕರಲ್ಲಿ ವಿನಂತಿ.