ಬಾಲಯೇಸುವನ್ನು ಕದ್ದವರು ಯಾರು?

ಕ್ರಿಸ್ಮಸ್ ಹಿಂದಿನ ದಿನ ಗೋದಲಿಯ ಬಾಲಯೇಸುವಿನ ಪ್ರತಿಮೆ ಕಾಣೆಯಾದರೆ ನಾವು ಮೊದಲು ಯಾರ ಮೇಲೆ ಸಂಶಯಪಡುತ್ತೇವೆ? ಅಮೆರಿಕದ ಹಳೆಯ ಪೊಲೀಸ್ ಧಾರಾವಾಹಿಯ ಒಂದು ಕಂತು ಈ ಪ್ರಶ್ನೆಯನ್ನು ನಮ್ಮ ಮುಂದಿಡುತ್ತದೆ.

1949ರಲ್ಲಿ ರೇಡಿಯೋದಲ್ಲಿ ಆರಂಭವಾದ 'ಡ್ರ್ಯಾಗ್‌ನೆಟ್', 1951ರಿಂದ 1959ರವರೆಗೆ ಟೆಲಿವಿಷನ್‌ನಲ್ಲಿಯೂ ಪ್ರಸಾರವಾಯಿತು. ಲಾಸ್ ಏಂಜಲಿಸ್ ನಗರದ ಪೊಲೀಸರ ಕೆಲಸವೇ ಅದರ ವಸ್ತು. ನಿರ್ದೇಶಕ ಜ್ಯಾಕ್ ವೆಬ್ ತಾವೇ ಸಾರ್ಜೆಂಟ್ ಜೋ ಫ್ರೈಡೇ ಪಾತ್ರ ವಹಿಸಿದ್ದರು. ಕಪ್ಪು-ಬಿಳುಪಿನ ಈ ಧಾರಾವಾಹಿಯ 1953ರ ಡಿಸೆಂಬರ್ 24ರ ಕಂತನ್ನು ಬಣ್ಣದಲ್ಲಿ ಚಿತ್ರೀಕರಿಸಿದ್ದರೂ, ಅಂದಿನ ಮನೆಗಳಲ್ಲಿದ್ದ ಕಪ್ಪು-ಬಿಳುಪಿನ ಪೆಟ್ಟಿಗೆಗಳಲ್ಲೇ ಜನ ಅದನ್ನು ನೋಡಿದರು. 'ದಿ ಬಿಗ್ ಲಿಟಲ್ ಜೀಸಸ್' ಎಂಬುದು ಅದರ ಹೆಸರು.

ನಗರದ ಹಳೆಯ ಮಿಷನ್ ದೇವಾಲಯದ ಫಾದರ್ ರೋಹಾಸ್ ಪ್ರತಿಮೆ ಕಳವಾಗಿದೆಯೆಂದು ದೂರು ಕೊಡುತ್ತಾರೆ. ಅದರ ಬೆಲೆ ಕೆಲವೇ ಡಾಲರ್. ಆದರೆ ಅದನ್ನು ನೋಡುತ್ತಲೇ ಬೆಳೆದ ಬಡ ಭಕ್ತರಿಗೆ ಅದಕ್ಕೆ ಬೆಲೆ ಕಟ್ಟಲಾಗದು. ರಾತ್ರಿಯೂ ದೇವಾಲಯ ತೆರೆದಿದ್ದರೆ ಕಳ್ಳರೂ ಬರಬಹುದಲ್ಲವೇ ಎಂದು ಫ್ರೈಡೇ ಕೇಳುತ್ತಾನೆ. ಮುಖ್ಯವಾಗಿ ಕಳ್ಳರೇ ಬರಲಿ ಎಂಬುದು ಗುರುಗಳ ಉತ್ತರ.

ಗಂಟೊಂದನ್ನು ಹಿಡಿದು ಹೊರಟವನನ್ನು ಪೀಠಬಾಲಕನೊಬ್ಬ ಕಂಡಿದ್ದ. ಆತ ಹಿಂದೆ ಜೈಲು ಕಂಡವನು. ಪೊಲೀಸರು ಅವನನ್ನು ಹಿಡಿದು ತರುತ್ತಾರೆ. ಆದರೆ ಪ್ರತಿಮೆ ಒಯ್ದವನು ಅವನಲ್ಲ. ಕೊನೆಗೆ ಪಾಕೀಟೋ ಎಂಬ ಪುಟ್ಟ ಹುಡುಗ ಕೆಂಪು ಆಟಿಕೆ ಗಾಡಿಯನ್ನು ಎಳೆಯುತ್ತಾ ದೇವಾಲಯಕ್ಕೆ ಬರುತ್ತಾನೆ. ಗಾಡಿಯಲ್ಲಿ ಬಾಲಯೇಸು! ಗಾಡಿ ಸಿಕ್ಕರೆ ಮೊದಲ ಸವಾರಿ ನಿನಗೇ ಎಂದು ಅವನು ಪ್ರಾರ್ಥನೆಯಲ್ಲಿ ಮಾತು ಕೊಟ್ಟಿದ್ದ. ಅಗ್ನಿಶಾಮಕ ದಳದವರು ಹಳೆಯ ಆಟಿಕೆಗಳನ್ನು ದುರಸ್ತಿ ಮಾಡಿ ಬಡ ಮಕ್ಕಳಿಗೆ ಹಂಚಿದಾಗ ಅವನಿಗೆ ಗಾಡಿ ಸಿಕ್ಕಿತ್ತು. ಆ ಮನೆಯವರು ಬಡವರು ಎಂದು ಗುರುಗಳು ಹೇಳಿದಾಗ, ಹೌದೇ ಎಂದಷ್ಟೇ ಫ್ರೈಡೇ ಕೇಳುತ್ತಾನೆ.

ಇದರಿಂದ ನಾವು ಕಲಿಯಬೇಕಾದದ್ದೇನು?

ಒಂದು: ಧರ್ಮಸಭೆಯ ಬೋಧನೆಯಂತೆ ಯಾವುದೇ ಕೃತ್ಯದ ಒಳಿತು ಕೆಡುಕನ್ನು ತೂಗುವಾಗ ಮಾಡಿದ ಕೆಲಸ, ಉದ್ದೇಶ, ಸಂದರ್ಭ ಈ ಮೂರನ್ನೂ ನೋಡಬೇಕು. ಪಾಕೀಟೋವಿನ ಉದ್ದೇಶ ಕೊಟ್ಟ ಮಾತನ್ನು ಉಳಿಸಿಕೊಳ್ಳುವುದು. ಹಾಗೆಂದು ಸದುದ್ದೇಶ ಎಲ್ಲವನ್ನೂ ಸರಿಮಾಡುವುದಿಲ್ಲ; ಕೇಳದೆ ಒಯ್ದದ್ದರಿಂದ ಇತರರು ನೊಂದರು. ಮಗುವಿಗೆ ಇದನ್ನು ತಿಳಿಹೇಳಬೇಕು, ಆದರೆ ಅವನನ್ನು ಕಳ್ಳನೆಂದು ಕರೆಯಬಾರದು.

ಎರಡು: ವಿಚಾರಣೆ ಬೇರೆ, ತೀರ್ಪು ಬೇರೆ. ವಿಚಾರಿಸುವುದು ಪೊಲೀಸರ ಕರ್ತವ್ಯ. ಸಾಕಷ್ಟು ಆಧಾರವಿಲ್ಲದೆ ನೆರೆಯವನ ತಪ್ಪನ್ನು ನಿಜವೆಂದು ಮನಸ್ಸಿನಲ್ಲೇ ಒಪ್ಪಿಕೊಳ್ಳುವುದು ದುಡುಕಿನ ತೀರ್ಪು. ಅದು ನೆರೆಯವನ ಮಾನಕ್ಕೆ ಮಾಡುವ ಅನ್ಯಾಯವೆಂದು 1992ರಲ್ಲಿ ಪ್ರಕಟವಾದ ಕಥೋಲಿಕ ಧರ್ಮೋಪದೇಶ ಗ್ರಂಥ ಬೋಧಿಸುತ್ತದೆ. ನೆರೆಯವನ ನಡೆನುಡಿಗೆ ಸಾಧ್ಯವಾದಷ್ಟು ಒಳ್ಳೆಯ ಅರ್ಥವನ್ನೇ ಕೊಡಬೇಕೆಂದೂ ಅದು ಹೇಳುತ್ತದೆ.

ನಮ್ಮ ಮನೆಗಳಲ್ಲಿ ಉಂಗುರವೋ ನೂರರ ನೋಟೋ ಕಾಣದಿದ್ದರೆ ಕಣ್ಣು ಮೊದಲು ಹೋಗುವುದು ಕೆಲಸದವಳ ಕಡೆಗೆ. ವಸ್ತು ಕಪಾಟಿನ ಹಿಂದೆ ಸಿಕ್ಕರೂ, ಆಡಿದ ಮಾತು ಹಿಂದಕ್ಕೆ ಬಾರದು. ಕದ್ದ ವಸ್ತುವನ್ನು ಹಿಂದಿರುಗಿಸಬೇಕಾದಂತೆ, ಕೆಡಿಸಿದ ಹೆಸರನ್ನೂ ಸರಿಪಡಿಸುವ ಹೊಣೆ ನಮ್ಮ ಮೇಲಿದೆ.

ಮನೆಯಲ್ಲಿ ಚರ್ಚಿಸಿರಿ:

1. ಆಧಾರವಿಲ್ಲದೆ ನಾವು ಯಾರನ್ನಾದರೂ ಸಂಶಯಿಸಿದ್ದುಂಟೇ? ಅವರ ಬಳಿ ಕ್ಷಮೆ ಕೇಳಿದ್ದೇವೆಯೇ?

2. ಒಮ್ಮೆ ತಪ್ಪು ಮಾಡಿದವನನ್ನು ನಮ್ಮ ಧರ್ಮಕೇಂದ್ರ ಹೇಗೆ ಬರಮಾಡಿಕೊಳ್ಳುತ್ತದೆ?

3. ಹೊಸದೇನಾದರೂ ದೊರೆತಾಗ ಅದರ ಮೊದಲ ಪಾಲನ್ನು ನಾವು ಯಾರಿಗೆ ಕೊಡುತ್ತೇವೆ?