ಆರ್‌ಸಿಯಲ್ಲಿ ಹೆಸರು ಯಾರದು? ವಿಮೆ ಇಲ್ಲದ ಗಾಡಿ ಸ್ಟೇಷನ್ ಸೇರಿದಾಗ

ಇನ್ಶೂರೆನ್ಸ್ ಇಲ್ಲದ ಗಾಡಿ ಹಿಡಿದರು ಎಂದು ಬರುವ ಕಕ್ಷಿದಾರರು ಮೊದಲು ಕೇಳುವುದು, ‘ಫೈನ್ ಎಷ್ಟಾಗುತ್ತೆ ಸಾರ್?’ ಎಂದು. ಈ ವ್ಯವಹಾರದಲ್ಲಿ ಅತಿ ಅಗ್ಗದ ಬಾಬತ್ತೆಂದರೆ ಫೈನೇ. ಅದಕ್ಕೆ ಹೆದರಿ ಚೆಕ್‌ಪೋಸ್ಟ್ ಕಂಡರೆ ಒಳದಾರಿ ಹಿಡಿಯುವವರು, ಮನೆ ಹೊಲ ಹರಾಜಿಗೆ ತರಬಲ್ಲ ಸಂಗತಿಯನ್ನು ಮಾತ್ರ ಕೇಳುವುದೇ ಇಲ್ಲ.

ಮೊದಲು ಫೈನಿನ ಲೆಕ್ಕ ಮುಗಿಸೋಣ. ಮೋಟಾರು ವಾಹನ ಕಾಯ್ದೆಯ 146ನೇ ಕಲಂ ಪ್ರಕಾರ ಥರ್ಡ್ ಪಾರ್ಟಿ ವಿಮೆ ಕಡ್ಡಾಯ. ಇಲ್ಲದಿದ್ದರೆ 196ನೇ ಕಲಂ ಅಡಿ ಮೊದಲ ಸಲ 2000 ರೂಪಾಯಿ ದಂಡ ಅಥವಾ 3 ತಿಂಗಳವರೆಗೆ ಜೈಲು ಅಥವಾ ಎರಡೂ. ಮತ್ತೆ ಸಿಕ್ಕರೆ ದಂಡ 4000. ಓಡಿಸಿದವನಿಗಷ್ಟೇ ಅಲ್ಲ, ಓಡಿಸಲು ಕೊಟ್ಟವನಿಗೂ ಇದು ಅನ್ವಯ. ದಂಡ ಕಟ್ಟಿದರೆ ರಸೀದಿ ಕೇಳಿ ಪಡೆಯಿರಿ. ರಸೀದಿ ಕೊಡದೆ ಪಡೆಯುವ ಹಣಕ್ಕೆ ಕಾನೂನಿನಲ್ಲಿ ದಂಡ ಎನ್ನುವುದಿಲ್ಲ.

ವಿಮೆ ಇದೆ, ಕಾಗದ ಮನೆಯಲ್ಲಿದೆ ಎನ್ನುವವರು ಗಾಬರಿಯಾಗಬೇಕಿಲ್ಲ. ಡಿಜಿಲಾಕರ್ ಅಥವಾ ಎಂ-ಪರಿವಾಹನ್ ಆ್ಯಪಿನಲ್ಲಿ ತೋರಿಸಿದರೆ ಸಾಕು. ಫೋನ್ ಇಲ್ಲದಿದ್ದರೂ ನೀವು ಪೊಲೀಸರಿಗೆ ಹೇಳಿದ ಠಾಣೆಗೆ 7 ದಿನದೊಳಗೆ ಪಾಲಿಸಿ ತಂದು ತೋರಿಸಲು 158ನೇ ಕಲಂ ಅವಕಾಶ ಕೊಡುತ್ತದೆ. ಆದರೆ ಲಾರಿ, ಬಸ್, ಗೂಡ್ಸ್ ಆಟೊದಂಥ ಸಾರಿಗೆ ವಾಹನದವರು ಈ 7 ದಿನವನ್ನು ನಂಬಿ ಕೂರಬೇಡಿ.

‘ಇನ್ಶೂರೆನ್ಸ್ ಇಲ್ಲ, ಗಾಡಿ ಸೀಜ್’ ಎಂದು ಕೀ ಕಿತ್ತುಕೊಳ್ಳುವವರಿಗೂ ಒಂದು ಮಾತು. ಗಾಡಿ ವಶಪಡಿಸಿಕೊಳ್ಳುವ ಅಧಿಕಾರ ಇರುವುದು 207ನೇ ಕಲಂನಲ್ಲಿ. ಅಲ್ಲಿ ಬರೆದಿರುವುದು ಡಿಎಲ್ ಇಲ್ಲದಿರುವುದು, ವಯಸ್ಸಾಗದ ಮಕ್ಕಳು ಓಡಿಸುವುದು, ನೋಂದಣಿ ಇಲ್ಲದಿರುವುದು, ಪರ್ಮಿಟ್ ಇಲ್ಲದಿರುವುದು ಅಥವಾ ಪರ್ಮಿಟ್ಟಿನ ಷರತ್ತು ಮುರಿಯುವುದು. ವಿಮೆಯ ಹೆಸರು ಆ ಪಟ್ಟಿಯಲ್ಲಿಲ್ಲ. ಯಾವ ಕಲಂ ಅಡಿ ಗಾಡಿ ಇಟ್ಟುಕೊಳ್ಳುತ್ತಿದ್ದೀರಿ ಎಂದು ಮರ್ಯಾದೆಯಿಂದಲೇ ಕೇಳಿ, ಬರೆಸಿಕೊಳ್ಳಿ. ಹಾಗಂತ ರಸ್ತೆಯಲ್ಲಿ ವಾದಕ್ಕೆ ನಿಲ್ಲಬೇಡಿ. ವಿಮೆ ಇಲ್ಲದವರಲ್ಲಿ ಎಷ್ಟೋ ಜನರ ಬಳಿ ಡಿಎಲ್ಲೂ ಇರುವುದಿಲ್ಲ. ಆಗ ಇದೇ ಕಲಂ ನಿಮ್ಮ ಮೇಲೆ ತಿರುಗುತ್ತದೆ. ಓಡಿಸುತ್ತಿದ್ದವನು ನಿಮ್ಮ ಹೈಸ್ಕೂಲು ಮಗನಾಗಿದ್ದರಂತೂ 199ಎ ಕಲಂ ಅಡಿ 25,000 ರೂಪಾಯಿ ದಂಡದ ಜೊತೆ ಪಾಲಕರಿಗೆ ಅಥವಾ ಮಾಲೀಕರಿಗೆ 3 ವರ್ಷದವರೆಗೆ ಜೈಲೂ ಇದೆ.

ಇಷ್ಟೂ ಅಪಘಾತ ಆಗದಿದ್ದರೆ. ಅಪಘಾತವಾದರೆ ಲೆಕ್ಕವೇ ಬೇರೆ.

ರಾಷ್ಟ್ರೀಯ ಹೆದ್ದಾರಿ 48 ಹಿರಿಯೂರು, ಚಿತ್ರದುರ್ಗ ದಾಟಿಯೇ ಹೋಗುತ್ತದೆ. ಅಲ್ಲಿ ಡಿಕ್ಕಿಯಾಗಿ ಯಾರಿಗಾದರೂ ಪೆಟ್ಟಾದರೆ ಅಥವಾ ಜೀವ ಹೋದರೆ ಪೊಲೀಸರು ಗಾಡಿ ವಶಕ್ಕೆ ಪಡೆಯುತ್ತಾರೆ, ಬ್ರೇಕ್ ಇನ್‌ಸ್ಪೆಕ್ಟರ್ ಬಂದು ನೋಡುತ್ತಾರೆ. ವಿಮೆ ಇರುವ ಗಾಡಿಯನ್ನು ಹೀಗೆ ಹಿಡಿದಿಟ್ಟುಕೊಂಡು ಕೊಳೆಸುವಂತಿಲ್ಲ. ಬಾಂಡ್ ಬರೆಸಿಕೊಂಡು ಮಾಲೀಕನಿಗೆ ಬೇಗ ಕೊಡಬೇಕೆಂದು ಸುಪ್ರೀಂ ಕೋರ್ಟ್ 2002ರಲ್ಲೇ ಸುಂದರಭಾಯಿ ಅಂಬಾಲಾಲ್ ದೇಸಾಯಿ ಕೇಸಿನಲ್ಲಿ ಹೇಳಿದೆ. ಇಷ್ಟಾದರೂ ಠಾಣೆಯ ಹಿತ್ತಲಲ್ಲಿ ತುಕ್ಕು ಹಿಡಿಯುವ ಗಾಡಿಗಳಿಗೆ ಯಾರೂ ಉತ್ತರ ಕೊಡುವುದಿಲ್ಲ.

ವಿಮೆ ಇಲ್ಲದ ಗಾಡಿಗೆ ಈ ಸಲೀಸಿಲ್ಲ. 2018ರಲ್ಲಿ ಸುಪ್ರೀಂ ಕೋರ್ಟ್ ಎಲ್ಲ ರಾಜ್ಯಗಳಿಗೂ ನಿಯಮ ಮಾಡಲು ಹೇಳಿತು. ಕರ್ನಾಟಕ ಮೋಟಾರು ವಾಹನ ನಿಯಮಗಳಿಗೆ 232-ಜಿ ಬಂತು. ಪೆಟ್ಟಾದವರಿಗೆ ಮುಂದೆ ಕೊಡಬೇಕಾಗಬಹುದಾದ ಪರಿಹಾರಕ್ಕೆ ನೋಂದಾಯಿತ ಮಾಲೀಕ ಸಾಕಷ್ಟು ಭದ್ರತೆ ಒದಗಿಸುವವರೆಗೂ ಕೋರ್ಟ್ ಗಾಡಿ ಬಿಡುವಂತಿಲ್ಲ. ಗಾಡಿ ವಶವಾಗಿ 3 ತಿಂಗಳಾದರೆ ಮ್ಯಾಜಿಸ್ಟ್ರೇಟರು ಅದನ್ನು ಹರಾಜು ಹಾಕಿಸಿ, ಬಂದ ಹಣವನ್ನು ಅಪಘಾತ ಪರಿಹಾರ ನ್ಯಾಯಮಂಡಳಿಗೆ ಕಟ್ಟಿಸಬೇಕು.

‘ಹೋದರೆ ಹೋಗಲಿ, ಹಳೇ ಗಾಡಿ’ ಎಂದು ಕೈಚೆಲ್ಲುವವರು ಕೇಳಿಸಿಕೊಳ್ಳಿ. ಹರಾಜಿನಿಂದ ಪರಿಹಾರದ ಹೊಣೆ ತೀರುವುದಿಲ್ಲ. ಯಾರ ತಪ್ಪು ಎಂದು ನೋಡದೆಯೇ 164ನೇ ಕಲಂ ಅಡಿ ಸಾವಿಗೆ 5 ಲಕ್ಷ, ತೀವ್ರ ಗಾಯಕ್ಕೆ ಎರಡೂವರೆ ಲಕ್ಷ ಕೇಳಬಹುದು. 166ನೇ ಕಲಂ ಅಡಿ ಇನ್ನೂ ಹೆಚ್ಚು. ಹಳೇ ಬೈಕು ಹರಾಜಿನಲ್ಲಿ ತರುವ ಹಣ ಕಳೆದು ಮಿಕ್ಕಿದ್ದನ್ನು 174ನೇ ಕಲಂ ಅಡಿ ಭೂಕಂದಾಯದ ಬಾಕಿಯಂತೆ ವಸೂಲು ಮಾಡಬಹುದು. ಅಂದರೆ ತೆಂಗಿನ ತೋಟ, ಅಡಿಕೆ ತೋಟ.

ಇನ್ನು ಅತಿ ಹೆಚ್ಚು ಜನ ಬೀಳುವ ಗುಂಡಿಗೆ ಬರುತ್ತೇನೆ. ಗಾಡಿ ಮಾರಿದ್ದಾಯಿತು, ಹಣ ಬಂತು, ಬಿಳಿ ಹಾಳೆಯಲ್ಲೋ ಛಾಪಾ ಕಾಗದದಲ್ಲೋ ಒಂದು ಕರಾರು, ಹೆಸರು ವರ್ಗಾವಣೆಯ 29 ಮತ್ತು 30ನೇ ಫಾರ್ಮಿಗೆ ಖಾಲಿ ಸಹಿ. ಫಾರ್ಮು ಬ್ರೋಕರ್ ಡ್ರಾಯರಿನಲ್ಲಿ, ಆರ್‌ಸಿ ಹಳಬನ ಹೆಸರಲ್ಲಿ. ಕೊಂಡವನು ವಿಮೆ ಕಟ್ಟುವುದಿಲ್ಲ. ಅಪಘಾತವಾದ ದಿನ ಆರ್‌ಟಿಒ ದಾಖಲೆಯಲ್ಲಿ ಹೆಸರು ಯಾರದಿದೆಯೋ ಅವನೇ ಮಾಲೀಕ. ಸುಪ್ರೀಂ ಕೋರ್ಟ್ 2018ರ ಫೆಬ್ರವರಿಯಲ್ಲಿ ನವೀನ್ ಕುಮಾರ್ ವಿರುದ್ಧ ವಿಜಯ್ ಕುಮಾರ್ ಕೇಸಿನಲ್ಲಿ ಹೇಳಿದ್ದು ಇದನ್ನೇ. ಆ ಗಾಡಿ ಹಲವು ಕೈ ದಾಟಿತ್ತು. ಹೊಣೆ ಮಾತ್ರ ದಾಖಲೆಯಲ್ಲಿದ್ದ ಹೆಸರಿಗೇ ಬಂತು.

ಇದರಿಂದ ಇಬ್ಬರೂ ಕೆಡುತ್ತಾರೆ. ಕೊಂಡವನು ಗಾಡಿ ಬಿಡಿಸಲು ಹೋದರೆ ಕೋರ್ಟ್ ಮೊದಲು ನೋಡುವುದು ಆರ್‌ಸಿ. ಅದರಲ್ಲಿ ಅವನ ಹೆಸರಿಲ್ಲ. ಮಾರಿದವನು, ‘ನಾನೇಕೆ ಹೋಗಿ ಸಿಕ್ಕಿಹಾಕಿಕೊಳ್ಳಲಿ’ ಎಂದು ಸುಮ್ಮನಿರುತ್ತಾನೆ. ಇಬ್ಬರೂ ಹೀಗೆ ಒಬ್ಬರನ್ನೊಬ್ಬರು ಕಾಯುವುದರಲ್ಲೇ 3 ತಿಂಗಳು ಕಳೆಯುತ್ತದೆ. ನಡುವಿನ ಬ್ರೋಕರ್ ಆಗ ಫೋನೇ ಎತ್ತುವುದಿಲ್ಲ.

ಈಗ ಮಾಡಬೇಕಾದ್ದು.

ಒಂದು. ಎಫ್‌ಐಆರ್ ಪ್ರತಿ ಪಡೆಯಿರಿ, ಗಾಡಿ ವಶವಾದ ತಾರೀಖು ಗುರುತು ಹಾಕಿಕೊಳ್ಳಿ. 3 ತಿಂಗಳ ಎಣಿಕೆ ಅಲ್ಲಿಂದ. ನಿಮಗೆ ವಿಷಯ ತಿಳಿದ ದಿನದಿಂದಲ್ಲ.

ಎರಡು. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ (ಬಿಎನ್‌ಎಸ್‌ಎಸ್) 497 ಮತ್ತು 503ನೇ ಕಲಂ ಅಡಿ ಗಾಡಿ ಬಿಡುಗಡೆಗೆ ಅರ್ಜಿ ಹಾಕಿಸಿ. ಅಪಘಾತ ಹಿರಿಯೂರಿನಲ್ಲಾದರೆ, ನಿಮ್ಮ ಊರು ಹೊಳಲ್ಕೆರೆಯಾದರೂ ಹೋಗಬೇಕಾದ್ದು ಹಿರಿಯೂರು ಕೋರ್ಟಿಗೆ. ಭದ್ರತೆಯೆಂದರೆ ಬ್ಯಾಂಕ್ ಗ್ಯಾರಂಟಿ, ಠೇವಣಿ ಅಥವಾ ಆಸ್ತಿಯ ಜಾಮೀನು. ಯಾವುದು, ಎಷ್ಟು ಎಂದು ತೀರ್ಮಾನಿಸುವುದು ಕೋರ್ಟ್. ‘ಸಾಹೇಬರಿಗೆ ಹೇಳಿ ಬಿಡಿಸ್ತೀನಿ’ ಎನ್ನುವವರ ಕೈಗೆ ದುಡ್ಡು ಕೊಡಬೇಡಿ. ಠಾಣೆಯ ಯಾವ ಸಾಹೇಬರಿಗೂ ಈ ಅಧಿಕಾರವಿಲ್ಲ.

ಮೂರು. ಡಿಕ್ಕಿಯಾದ ಮೇಲೆ ಪಾಲಿಸಿ ಮಾಡಿಸಿ ಪ್ರಯೋಜನವಿಲ್ಲ. ಪಾಲಿಸಿ ಯಾವ ಗಂಟೆಯಿಂದ ಜಾರಿ ಎಂಬುದು ಅದರಲ್ಲೇ ಇರುತ್ತದೆ. ಹಿಂದಿನ ತಾರೀಖು ಹಾಕಿಸಿಕೊಡುತ್ತೇನೆ, ವಿಮೆ ಇರುವ ಬೇರೆ ಗಾಡಿ ತೋರಿಸೋಣ ಎನ್ನುವ ದಲ್ಲಾಳಿಗಳಿದ್ದಾರೆ. ಅವರ ಮಾತು ಕೇಳಿದರೆ ಅಪಘಾತದ ಕೇಸಿನ ಜೊತೆ ಫೋರ್ಜರಿ ಕೇಸೂ ಸೇರುತ್ತದೆ. ಅವರು ಕೋರ್ಟಿಗೆ ಬರುವುದಿಲ್ಲ.

ನಾಲ್ಕು. ನ್ಯಾಯಮಂಡಳಿಯ ನೋಟಿಸ್ ಬಂದರೆ ‘ಊರಲ್ಲಿಲ್ಲ’ ಎಂದು ವಾಪಸ್ ಕಳಿಸಬೇಡಿ. ನೀವು ಬಾರದಿದ್ದರೆ ಎಕ್ಸ್‌ಪಾರ್ಟಿ ತೀರ್ಪಾಗುತ್ತದೆ. ಮಾರಿದವರು ಕರಾರು ಪತ್ರ, ಹಣ ಬಂದ ದಾಖಲೆ, ಕೊಂಡವನ ಗುರುತಿನ ಚೀಟಿ ಹಾಜರುಪಡಿಸಿ, ಅವನನ್ನೂ ಪ್ರತಿವಾದಿ ಮಾಡಲು ಕೇಳಿ. ಇದರಿಂದ ನಿಮ್ಮ ಹೊಣೆ ತಪ್ಪುವುದಿಲ್ಲ. ಕಟ್ಟಿದ ಹಣವನ್ನು ಅವನಿಂದ ವಸೂಲು ಮಾಡುವ ದಾರಿ ಉಳಿಯುತ್ತದೆ, ಅಷ್ಟೇ.

ವಕೀಲರ ಫೀಸು ಭರಿಸಲಾಗದವರು ಆಯಾ ಕೋರ್ಟಿನ ತಾಲೂಕು ಕಾನೂನು ಸೇವಾ ಸಮಿತಿಗೆ ಅರ್ಜಿ ಕೊಡಿ, ಅಥವಾ 15100ಕ್ಕೆ ಫೋನ್ ಮಾಡಿ. ಮಹಿಳೆಯರಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ ಆದಾಯ ಎಷ್ಟೇ ಇರಲಿ ವಕೀಲರ ನೆರವು ಉಚಿತ. ಪೆಟ್ಟು ತಿಂದ ಕಡೆಯವರು ಪರಿಹಾರದ ಅರ್ಜಿಯನ್ನು 6 ತಿಂಗಳೊಳಗೆ ಹಾಕಬೇಕು. ರಾಜಿ ಮಾತಿನಲ್ಲಿ ಆ ಗಡುವು ಕಳೆದುಕೊಳ್ಳಬೇಡಿ.

ಗಾಡಿ ಮಾರುವವರು ಫಾರ್ಮಿಗೆ ಖಾಲಿ ಸಹಿ ಹಾಕಬೇಡಿ. ರಾಜ್ಯದೊಳಗೇ ಮಾರಿದರೆ 14 ದಿನದೊಳಗೆ ನೀವೇ ಆರ್‌ಟಿಒಗೆ ತಿಳಿಸಬೇಕು, ಕೊಂಡವನು 30 ದಿನದೊಳಗೆ. ತಿಳಿಸಿದ ಮಾತ್ರಕ್ಕೆ ಹೆಸರು ಬದಲಾಯಿತು ಎಂದುಕೊಳ್ಳಬೇಡಿ. ಹೊಸ ಆರ್‌ಸಿ ಕಣ್ಣಾರೆ ನೋಡಿ. ತಂದೆ ತೀರಿಕೊಂಡು ಗಾಡಿ ಇನ್ನೂ ಅವರ ಹೆಸರಲ್ಲೇ ಇದ್ದರೆ 30 ದಿನದೊಳಗೆ ಸಾವಿನ ವಿಷಯ ತಿಳಿಸಿ, 3 ತಿಂಗಳೊಳಗೆ 31ನೇ ಫಾರ್ಮು ಕೊಡಬೇಕು.

2018ರ ಸೆಪ್ಟೆಂಬರ್ ನಂತರ ಹೊಸ ಬೈಕು ಕೊಂಡವರಿಗೆ ಶೋರೂಮಿನಲ್ಲೇ 5 ವರ್ಷದ ಥರ್ಡ್ ಪಾರ್ಟಿ ವಿಮೆ ಮಾಡಿಸಿದ್ದಾರೆ. ಅದು ಮುಗಿದದ್ದು ಎಷ್ಟೋ ಜನರಿಗೆ ಗೊತ್ತೇ ಇಲ್ಲ. ಎಂ-ಪರಿವಾಹನ್‌ನಲ್ಲಿ ನಿಮ್ಮ ಕೆಎ 16 ನಂಬರು ಹಾಕಿ ಎರಡು ವಿಷಯ ನೋಡಿ: ಮಾಲೀಕರ ಹೆಸರು, ವಿಮೆ ಮುಗಿಯುವ ತಾರೀಖು. ಮಾರಿದ ಹಳೇ ಗಾಡಿಯ ನಂಬರನ್ನೂ ಹಾಕಿ ನೋಡಿ. 2022ರ ಜೂನ್‌ನಲ್ಲಿ ನಿಗದಿಯಾದ ದರದಂತೆ 75ರಿಂದ 150 ಸಿಸಿ ಬೈಕಿಗೆ ಥರ್ಡ್ ಪಾರ್ಟಿ ಪ್ರೀಮಿಯಂ ವರ್ಷಕ್ಕೆ 714 ರೂಪಾಯಿ, ತೆರಿಗೆ ಬೇರೆ. ಗಾಡಿ ಬಿಡಿಸಲು ಬರುವವರಿಂದ ಬ್ರೋಕರ್ ಮೊದಲ ದಿನ ಕೇಳುವುದೇ ಅದಕ್ಕಿಂತ ಜಾಸ್ತಿ.