ಅಧ್ಯಕ್ಷರ ಕೆಲಸ ಯಾವುದು, ಕಾರ್ಯದರ್ಶಿಯ ಕೆಲಸ ಯಾವುದು?
ಆನಂದ್‌ನ ಮೂವರಿಂದ ನಮ್ಮ ಸಂಘಗಳಿಗೆ ಒಂದು ಪಾಠ



ಮಾನ್ವಿ ಭಾಗದಲ್ಲಿ ಒಂದೇ ಹಾಲಿನ ಮಾರ್ಗದ ಮೇಲಿರುವ ಎರಡು ಊರುಗಳನ್ನು ತೆಗೆದುಕೊಳ್ಳಿ. ಎರಡಕ್ಕೂ ಒಕ್ಕೂಟದ ದರ ಒಂದೇ, ಹಾಲಿನ ಗಾಡಿ ಒಂದೇ. ಕಾಲುವೆಗೆ ನೀರು ಬಂದರೆ ಎರಡೂ ಕಡೆ ನೆಲ್ಲು, ಬರದಿದ್ದರೆ ಎರಡೂ ಕಡೆ ಹತ್ತಿ, ಜೋಳ. ಆದರೂ ಒಂದೂರಿನ ಸಂಘದ ಮುಂದೆ ಬೆಳಗಿನ ಆರಕ್ಕೇ ಸಾಲು ನಿಂತಿರುತ್ತದೆ. ಇನ್ನೊಂದೂರಿನಲ್ಲಿ ಸಂಘದ ಬೋರ್ಡು ಗೋಡೆಯ ಮೇಲಿದೆ, ಹಾಲು ಮಾತ್ರ ಮೋಟಾರ್ ಸೈಕಲ್‌ನಲ್ಲಿ ಬರುವ ವರ್ತಕನ ಕ್ಯಾನಿಗೆ ಹೋಗುತ್ತದೆ. ಯಾಕೆಂದು ಕೇಳಿದರೆ ಸಿಗುವ ಉತ್ತರ ಒಂದೇ: "ನಮ್ಮೂರಾಗ ಹೊಂದಾಣಿಕೆ ಇಲ್ರೀ."

ಈ ಮಾತಿನ ಒಳಹೊಕ್ಕು ನೋಡಿದರೆ ಬಹಳ ಸಲ ಸಿಗುವುದು ಜಾತಿಯೂ ಅಲ್ಲ, ಪಕ್ಷವೂ ಅಲ್ಲ. ಅಧ್ಯಕ್ಷರು ಕಾರ್ಯದರ್ಶಿಯ ಕೆಲಸಕ್ಕೆ ಕೈ ಹಾಕಿರುತ್ತಾರೆ, ಕಾರ್ಯದರ್ಶಿ ತಾನೇ ಅಧ್ಯಕ್ಷನಂತೆ ನಡೆದಿರುತ್ತಾನೆ. ಇಬ್ಬರ ನಡುವಿನ ಗೆರೆ ಅಳಿಸಿ ಹೋದಲ್ಲಿ ಸಂಘ ಹೆಚ್ಚು ದಿನ ನಿಲ್ಲುವುದಿಲ್ಲ. ಆದ್ದರಿಂದ ಈ ಸಂಚಿಕೆಯ ಪಾಠಕ್ಕೆ ಮೇವು, ಲಸಿಕೆಗಳನ್ನು ಬಿಟ್ಟು, ದೇಶದ ಹೈನುಗಾರಿಕೆ ಕಟ್ಟಿದ ಮೂವರು ತಮ್ಮ ತಮ್ಮ ಕೆಲಸವನ್ನು ಹೇಗೆ ಹಂಚಿಕೊಂಡರು ಎಂಬುದನ್ನು ಆರಿಸಿಕೊಂಡಿದ್ದೇವೆ.

ಮೊದಲು ಒಂದು ಮಾತು. ಸಹಕಾರ ಎಂದ ಕೂಡಲೇ ಗುಜರಾತಿನತ್ತ ನೋಡುವ ರೂಢಿ ನಮ್ಮಲ್ಲಿ ಇದೆ. ಆದರೆ ದೇಶದಲ್ಲಿ 1904ರಲ್ಲಿ ಸಹಕಾರ ಕಾಯ್ದೆ ಬಂದ ಮರುವರ್ಷವೇ, 1905ರಲ್ಲಿ, ಗದಗ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದರು. ಸಾಹುಕಾರರ ಬಡ್ಡಿಯಿಂದ ಊರಿನವರನ್ನು ಬಿಡಿಸಲು ಸ್ವತಃ ಊರಿನ ಗೌಡರೇ ಮುಂದೆ ಬಂದರು ಎಂಬುದು ನೆನಪಿಡಬೇಕಾದ ವಿಷಯ. ನಮ್ಮ ರಾಯಚೂರು ಆಗ ನಿಜಾಮನ ಆಡಳಿತದಲ್ಲಿತ್ತು. ಕರ್ನಾಟಕದಲ್ಲಿ ಸಹಕಾರಿ ಹೈನುಗಾರಿಕೆಯ ದೊಡ್ಡ ಯೋಜನೆ 1970ರ ದಶಕದಲ್ಲಿ ವಿಶ್ವಬ್ಯಾಂಕ್ ನೆರವಿನಿಂದ ಶುರುವಾದಾಗಲೂ ಮೊದಲು ಸಿಕ್ಕಿದ್ದು ದಕ್ಷಿಣದ ಜಿಲ್ಲೆಗಳಿಗೆ. ನಮ್ಮ ಸಂಘಗಳ ಬೇರು ಇನ್ನೂ ಆಳಕ್ಕೆ ಇಳಿದಿಲ್ಲ ಎನ್ನುವುದಕ್ಕೆ ಇದೂ ಒಂದು ಕಾರಣ.

ಈಗ ಆನಂದ್‌ಗೆ ಬರೋಣ.

1940ರ ದಶಕದಲ್ಲಿ ಗುಜರಾತಿನ ಖೇಡಾ ಜಿಲ್ಲೆಯ ಹಾಲು ಪೋಲ್ಸನ್ ಎಂಬ ಖಾಸಗಿ ಕಂಪನಿಯ ಮೂಲಕ ಬೊಂಬಾಯಿಗೆ ಹೋಗುತ್ತಿತ್ತು. ರೈತನಿಗೆ ಸಿಗುವ ದರ ನಡುವಿನ ಗುತ್ತಿಗೆದಾರ ಹೇಳಿದಷ್ಟು. ರೈತರು ಸರ್ದಾರ್ ಪಟೇಲರ ಬಳಿ ಹೋದಾಗ ಅವರು, ನಿಮ್ಮದೇ ಸಂಘ ಕಟ್ಟಿ, ಅದಕ್ಕೆ ಒಪ್ಪದಿದ್ದರೆ ಹಾಲು ಕೊಡುವುದನ್ನೇ ನಿಲ್ಲಿಸಿ ಎಂಬ ಸಲಹೆ ಕೊಟ್ಟು, ಮೊರಾರ್ಜಿ ದೇಸಾಯಿಯವರನ್ನು ಕಳಿಸಿದರು. 1946ರ ಜನವರಿಯಲ್ಲಿ ಸಮರಖಾ ಊರಿನಲ್ಲಿ ಸಭೆ ಸೇರಿತು. ಮುಂದೆ ಹದಿನೈದು ದಿನ ಖೇಡಾದ ರೈತರು ಒಂದು ಹನಿ ಹಾಲನ್ನೂ ವರ್ತಕರಿಗೆ ಕೊಡಲಿಲ್ಲ. ಹದಿನೈದು ದಿನದ ಹಾಲು ಬಿಡುವುದೆಂದರೆ ಏನೆಂದು ಎರಡು ಎಮ್ಮೆ ಕಟ್ಟಿದ ಯಾರನ್ನಾದರೂ ಕೇಳಿ, ಹೇಳುತ್ತಾರೆ. ಸರ್ಕಾರ ಮಣಿಯಿತು. 1946ರ ಡಿಸೆಂಬರ್ 14ರಂದು ಖೇಡಾ ಜಿಲ್ಲಾ ಹಾಲು ಉತ್ಪಾದಕರ ಒಕ್ಕೂಟ ನೋಂದಣಿಯಾಯಿತು. ಶುರುವಿನಲ್ಲಿ ಇದ್ದದ್ದು ಎರಡು ಊರಿನ ಸಂಘ, ದಿನಕ್ಕೆ ಸುಮಾರು 250 ಲೀಟರ್ ಹಾಲು. ನಮ್ಮ ಭಾಗದ ಒಂದು ಒಳ್ಳೆಯ ಸಂಘ ಇವತ್ತು ಅಷ್ಟನ್ನು ಒಂದೇ ಊರಿನಲ್ಲಿ ಕೂಡಿಸಬಲ್ಲದು.

ಆ ಒಕ್ಕೂಟದ ಅಧ್ಯಕ್ಷರು ತ್ರಿಭುವನದಾಸ್ ಪಟೇಲ್. ಸ್ವಾತಂತ್ರ್ಯ ಹೋರಾಟದಲ್ಲಿ ಜೈಲು ಕಂಡವರು. ಯಂತ್ರದ ವಿಷಯ ಅವರಿಗೆ ಗೊತ್ತಿರಲಿಲ್ಲ, ಗೊತ್ತಿದೆ ಎಂದು ತೋರಿಸಿಕೊಳ್ಳಲೂ ಹೋಗಲಿಲ್ಲ. ಅವರಿಗೆ ಗೊತ್ತಿದ್ದದ್ದು ಊರು, ಜನ. ಹಳ್ಳಿ ಹಳ್ಳಿ ಸುತ್ತಿ, ರೈತನ ಅಂಗಳದಲ್ಲಿ ಕೂತು, ಮುರಿದ ಮನಸ್ಸುಗಳನ್ನು ಕೂಡಿಸಿ ಸಂಘ ಕಟ್ಟುವುದು ಅವರ ಕೆಲಸ.

ವರ್ಗೀಸ್ ಕುರಿಯನ್ ಇದಕ್ಕೆ ತೀರಾ ಬೇರೆ ಮನುಷ್ಯ. 1921ರ ನವೆಂಬರ್ 26ರಂದು ಕೇರಳದ ಕೋಝಿಕ್ಕೋಡಿನಲ್ಲಿ ಹುಟ್ಟಿ, ಮದ್ರಾಸಿನ ಗಿಂಡಿಯಲ್ಲಿ ಎಂಜಿನಿಯರಿಂಗ್ ಓದಿದವರು. ಡೇರಿ ಅವರ ಆಸೆಯಾಗಿರಲಿಲ್ಲ, ಸರ್ಕಾರದ ವಿದ್ಯಾರ್ಥಿವೇತನ ಸಿಕ್ಕಿದ್ದು ಡೇರಿ ವಿಷಯಕ್ಕೆ, ಅಷ್ಟೆ. ಅಮೆರಿಕಕ್ಕೆ ಹೋಗುವ ಮುನ್ನ ಅವರನ್ನು ತರಬೇತಿಗೆ ಕಳಿಸಿದ್ದು ನಮ್ಮ ಬೆಂಗಳೂರಿನ ಪಶುಸಂಗೋಪನಾ ಸಂಸ್ಥೆಗೆ. ಮಿಚಿಗನ್‌ನಲ್ಲಿ ಓದಿ ಬಂದ ಮೇಲೆ, ವಿದ್ಯಾರ್ಥಿವೇತನದ ಕರಾರಿನಂತೆ 1949ರ ಮೇ ತಿಂಗಳಲ್ಲಿ ಆನಂದ್‌ನ ಸರ್ಕಾರಿ ಕ್ರೀಮರಿಗೆ ನೇಮಕವಾಯಿತು. ಧೂಳಿನ ಊರು, ಮಾಡಲು ಹೆಚ್ಚು ಕೆಲಸವಿಲ್ಲ. ಯಾವಾಗ ಬಿಟ್ಟು ಹೋದೇನು ಎಂದು ಕಾಯುತ್ತಿದ್ದರು. ಇನ್ನೊಂದು ತಮಾಷೆ ಎಂದರೆ ಅವರಿಗೆ ಹಾಲು ಕುಡಿಯುವುದೇ ಇಷ್ಟವಿರಲಿಲ್ಲ. ಅದನ್ನು ಅವರೇ ಎಲ್ಲರ ಮುಂದೆ ಹೇಳುತ್ತಿದ್ದರು.

ಪಕ್ಕದಲ್ಲೇ ಇದ್ದ ರೈತರ ಒಕ್ಕೂಟದ ಹಳೆಯ ಯಂತ್ರ ಪದೇ ಪದೇ ಕೆಡುತ್ತಿತ್ತು. ತ್ರಿಭುವನದಾಸರು ಬಂದು ಕರೆದಾಗಲೆಲ್ಲ ಕುರಿಯನ್ ಹೋಗಿ ರಿಪೇರಿ ಮಾಡಿಕೊಟ್ಟರು. ಕೊನೆಗೆ, ಇದನ್ನು ರಿಪೇರಿ ಮಾಡಿ ಉಪಯೋಗವಿಲ್ಲ, ಹೊಸದು ತನ್ನಿ ಎಂದರು. ಅಧ್ಯಕ್ಷರು ಹಣ ಹೊಂದಿಸಿ ತಂದರು. ಇಲ್ಲಿ ಸ್ವಲ್ಪ ನಿಲ್ಲಬೇಕು. ಇಪ್ಪತ್ತೆಂಟು ವರ್ಷದ ಹುಡುಗ, ಹೊರಗಿನವನು, ಭಾಷೆ ಬೇರೆ, ಧರ್ಮ ಬೇರೆ. ಅಂಥವನ ಮಾತು ನಂಬಿ ರೈತರ ದುಡ್ಡು ಹಾಕುವುದು ಸಣ್ಣ ಧೈರ್ಯವಲ್ಲ. ಸರ್ಕಾರಿ ನೌಕರಿ ಬಿಟ್ಟು ಹೊರಟಿದ್ದ ಕುರಿಯನ್‌ರನ್ನು ತಡೆದು ನಿಲ್ಲಿಸಿದವರೂ ತ್ರಿಭುವನದಾಸರೇ. 1950ರಲ್ಲಿ ಕುರಿಯನ್ ಒಕ್ಕೂಟದ ವ್ಯವಸ್ಥಾಪಕರಾದರು.

ಅಲ್ಲಿಂದ ಮುಂದೆ ಗೆರೆ ಸ್ಪಷ್ಟ. ರೈತರು, ಊರಿನ ಸಂಘಗಳು, ಚುನಾವಣೆ, ರಾಜಕಾರಣಿಗಳು ಅಧ್ಯಕ್ಷರ ಪಾಲು. ಯಂತ್ರ, ನೇಮಕ, ಲೆಕ್ಕ, ಮಾರಾಟ ವ್ಯವಸ್ಥಾಪಕರ ಪಾಲು. ಅಧ್ಯಕ್ಷರು ತಮ್ಮ ಕಡೆಯ ಹುಡುಗನಿಗೆ ಕೆಲಸ ಕೊಡಿ ಎಂದು ಕಾಡಲಿಲ್ಲ, ವ್ಯವಸ್ಥಾಪಕರು ಊರಿನ ರಾಜಕೀಯಕ್ಕೆ ಇಳಿಯಲಿಲ್ಲ. ಕುರಿಯನ್ ಕೊನೆಯವರೆಗೂ ತಮ್ಮನ್ನು ರೈತರ ನೌಕರ ಎಂದೇ ಕರೆದುಕೊಂಡರು.

ಮೂರನೆಯವರು ಹರಿಚಂದ್ ದಲಾಯ. ಮಿಚಿಗನ್‌ನಲ್ಲಿ ಕುರಿಯನ್‌ರ ಜೊತೆ ಓದಿದ ಡೇರಿ ತಂತ್ರಜ್ಞ. ಇವರ ಹೆಸರು ಹೆಚ್ಚು ಜನರಿಗೆ ಗೊತ್ತಿಲ್ಲ, ಆದರೆ ಎಮ್ಮೆ ಸಾಕುವ ನಮ್ಮ ಸೀಮೆಯವರು ಮರೆಯಬಾರದ ಹೆಸರು. ಚಳಿಗಾಲದಲ್ಲಿ ಎಮ್ಮೆಗಳು ಹೆಚ್ಚು ಹಾಲು ಕೊಟ್ಟಾಗ ಬೊಂಬಾಯಿ ಅಷ್ಟನ್ನೂ ಕೊಳ್ಳುತ್ತಿರಲಿಲ್ಲ. ಉಳಿದ ಹಾಲನ್ನು ಪುಡಿ ಮಾಡದೆ ದಾರಿಯಿರಲಿಲ್ಲ. ಎಮ್ಮೆ ಹಾಲಿನಿಂದ ಪುಡಿ ಆಗುವುದಿಲ್ಲ ಎಂದು ಹೊರದೇಶದ ತಜ್ಞರು ಹೇಳಿದ್ದರು. ಅವರ ದೇಶಗಳಲ್ಲಿ ಇದ್ದದ್ದು ಆಕಳು ಮಾತ್ರ. ದಲಾಯ ಮಾಡಿ ತೋರಿಸಿದರು. ಯುನಿಸೆಫ್ ಯಂತ್ರದ ನೆರವು ಕೊಟ್ಟಿತು. 1955ರ ಅಕ್ಟೋಬರ್ 31ರಂದು ಪ್ರಧಾನಿ ನೆಹರೂ ಆ ಕಾರ್ಖಾನೆಯನ್ನು ಉದ್ಘಾಟಿಸಿದರು.

ಇಷ್ಟು ಕತೆಯಾಯಿತು. ನಮ್ಮ ಸಂಘಕ್ಕೆ ಇದರಲ್ಲಿ ಏನಿದೆ?

ಆನಂದ್‌ನ ಪದ್ಧತಿಯ ಜೀವ ಇರುವುದು ಕಾರ್ಖಾನೆಯಲ್ಲಿ ಅಲ್ಲ, ಊರಿನ ಸಂಘದ ಮೇಜಿನ ಮೇಲೆ. ಹಾಲು ಅಳೆದದ್ದು ಎಲ್ಲರ ಕಣ್ಣೆದುರು, ಜಿಡ್ಡು ಪರೀಕ್ಷೆ ಎಲ್ಲರ ಕಣ್ಣೆದುರು. ಗೌಡರ ಮನೆಯ ಹಾಲಾದರೂ ಕೇರಿಯ ಹಾಲಾದರೂ ಬಂದ ಸರತಿಯಲ್ಲೇ ನಿಲ್ಲಬೇಕು, ಎರಡೂ ಒಂದೇ ಕ್ಯಾನಿಗೆ ಸುರಿಯಬೇಕು. ಜಾತಿಯ ಬಗ್ಗೆ ಯಾವ ಭಾಷಣವೂ ಮಾಡದೆ ಆ ಸಾಲು ಮಾಡಿದ ಕೆಲಸ ದೊಡ್ಡದು. ನಮ್ಮಲ್ಲಿ ಅಧ್ಯಕ್ಷರ ಮನೆಯ ಹಾಲು ಸಾಲು ತಪ್ಪಿಸಿ ಹಿಂದಿನ ಬಾಗಿಲಿನಿಂದ ಬಂದ ದಿನವೇ ಸಂಘದ ಬುಡ ಅಲುಗುತ್ತದೆ. ಅದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಮರುದಿನದಿಂದ ಎರಡು ಕ್ಯಾನು ಕಡಿಮೆ ಬರುತ್ತವೆ.

ಇನ್ನು ಕಾರ್ಯದರ್ಶಿಯ ಮಾತು. ಮೇಜಿನ ಮುಂದೆ ದಿನವೂ ಏಳುವ ಪ್ರಶ್ನೆ ಒಂದಿದೆ: "ಯಾಕಪ್ಪಾ, ನಿನ್ನೆ ಆರು ಬಂದಿದ್ದ ಫ್ಯಾಟು ಇವತ್ತು ಐದೂವರಿ ಯಾಕ ಬಂತು?" ಇದಕ್ಕೆ "ಮಷೀನ್ ತೋರಿಸಿದ್ದ ಅಷ್ಟರೀ" ಎಂದು ಉತ್ತರಿಸುವವನು ನೌಕರ. ಕಾರಣ ತಿಳಿಸಿ ಹೇಳುವವನು ಊರಿಗೆ ಮುಂದಾಳು. ಯಂತ್ರದ ಸ್ವಚ್ಛತೆ, ಸ್ಯಾಂಪಲ್ ತೆಗೆಯುವ ಮೊದಲು ಹಾಲು ಚೆನ್ನಾಗಿ ಕಲಕುವುದು, ಇವು ಅವನ ಕೈಯಲ್ಲೇ ಇವೆ. ಅಷ್ಟು ಸರಿಯಿದ್ದೂ ಫ್ಯಾಟ್ ಏರಿಳಿದರೆ ಕಾರಣ ಕೊಟ್ಟಿಗೆಯಲ್ಲಿ ಇರುತ್ತದೆ.

ಬೆಳಗಿನ ಹಾಲಿಗಿಂತ ಸಂಜೆಯ ಹಾಲಿನಲ್ಲಿ ಸಾಮಾನ್ಯವಾಗಿ ಜಿಡ್ಡು ಹೆಚ್ಚು, ಯಾಕೆಂದರೆ ಬೆಳಗಿನಿಂದ ಸಂಜೆಯ ಹಿಂಡುವಿಕೆಗೆ ಇರುವ ಅಂತರ ಕಡಿಮೆ. ಮೊದಲು ಹಿಂಡಿದ ಹಾಲಿನಲ್ಲಿ ಜಿಡ್ಡು ಕಡಿಮೆ, ಕೊನೆಯ ಹಾಲಿನಲ್ಲಿ ಹೆಚ್ಚು. ಅರ್ಧ ಹಿಂಡಿ ಕರು ಬಿಟ್ಟರೆ ಫ್ಯಾಟ್ ಕರುವಿನ ಹೊಟ್ಟೆಗೆ ಹೋಗುತ್ತದೆ. ಕರುವಿಗೆ ಮೊದಲು ಕುಡಿಸಿ, ಆಮೇಲೆ ಪೂರ್ತಿ ಹಿಂಡುವುದು ಒಳ್ಳೆಯದು. ಒಣಮೇವು ಕಡಿಮೆ ಮಾಡಿ ನುಚ್ಚು, ಹಿಂಡಿ ಸುರಿದರೆ ಜಿಡ್ಡು ಇಳಿಯುತ್ತದೆ. ಅದೇ ಬರೀ ನೆಲ್ಲುಹುಲ್ಲಿನ ಮೇಲೆ ಇಟ್ಟರೆ ಎಸ್‌ಎನ್‌ಎಫ್ ಬೀಳುತ್ತದೆ. ನೆಲ್ಲು ಕೊಯ್ಲಾದ ಮೇಲೆ ನಮ್ಮ ಕಾಲುವೆ ಊರುಗಳಲ್ಲಿ ಕಾಣುವ ತೊಂದರೆ ಬಹಳ ಮಟ್ಟಿಗೆ ಇದೇ. ಜೋಳದ ಕಣಿಕೆ, ಒಂದಿಷ್ಟು ಹಸಿಮೇವು, ಖನಿಜ ಮಿಶ್ರಣ ಸೇರಿಸಿದರೆ ಸುಧಾರಿಸುತ್ತದೆ. ಎಸ್‌ಎನ್‌ಎಫ್ ಒಮ್ಮೆಲೆ ಕುಸಿದರೆ ಕೆಚ್ಚಲು ಬಾವು ಇದೆಯೋ ನೋಡಬೇಕು. ಹಿಂಡಿದ ಬಿಸಿಯಲ್ಲೇ ಲ್ಯಾಕ್ಟೋಮೀಟರ್ ಬಿಟ್ಟರೂ ಅದು ಕಡಿಮೆ ತೋರಿಸುತ್ತದೆ. ಇಷ್ಟು ತಿಳಿದ ಕಾರ್ಯದರ್ಶಿ ಉತ್ಪಾದಕನನ್ನು ಕಳ್ಳನಂತೆ ನೋಡುವುದಿಲ್ಲ, ಉತ್ಪಾದಕನೂ ಅವನನ್ನು ಹಾಗೆ ನೋಡುವುದಿಲ್ಲ.

ಅಧ್ಯಕ್ಷರ ಕೆಲಸ ಪರೀಕ್ಷೆ ಮಾಡುವುದಲ್ಲ, ಪರೀಕ್ಷೆ ಬಯಲಿನಲ್ಲಿ ನಡೆಯುವಂತೆ ಕಾಯುವುದು. ತಿಂಗಳಿಗೊಮ್ಮೆ ಆಡಳಿತ ಮಂಡಳಿ ಕೂಡಿಸಿ, ಊರಿನಿಂದ ಕೂಡಿದ ಹಾಲಿನ ಲೆಕ್ಕವನ್ನೂ ಒಕ್ಕೂಟ ಒಪ್ಪಿಕೊಂಡ ಹಾಲಿನ ಲೆಕ್ಕವನ್ನೂ ಅಕ್ಕಪಕ್ಕ ಇಟ್ಟು ನೋಡಬೇಕು. ಲೀಟರು, ಫ್ಯಾಟು, ಎಸ್‌ಎನ್‌ಎಫ್ ಮೂರರಲ್ಲೂ ವ್ಯತ್ಯಾಸ ಎಷ್ಟೆಂದು ಬರೆಸಬೇಕು. ಸಂಘ ನಷ್ಟಕ್ಕೆ ಇಳಿಯುವ ಸೂಚನೆ ಲೆಕ್ಕಪರಿಶೋಧನೆಗಿಂತ ಎಷ್ಟೋ ತಿಂಗಳು ಮೊದಲೇ ಆ ಕಾಗದದಲ್ಲಿ ಕಾಣುತ್ತದೆ. ಸೆಪ್ಟೆಂಬರ್ 25ರೊಳಗೆ ನಡೆಯಬೇಕಾದ ವಾರ್ಷಿಕ ಮಹಾಸಭೆಯಲ್ಲಿ ಅದೇ ಕಾಗದವನ್ನು ಓದಿ ಹೇಳಬೇಕು. ಸದಸ್ಯರೂ ಅಷ್ಟೇ, ಬೋನಸ್ ಎಷ್ಟು ಎಂದು ಕೇಳುವ ಮೊದಲು ಈ ವ್ಯತ್ಯಾಸ ಎಷ್ಟು ಎಂದು ಕೇಳಲಿ.

ಹಿರಿಯರ ಬಗ್ಗೆ ಬರೆಯುವಾಗ ಹೊಗಳಿಕೆಯೊಂದೇ ಆದರೆ ಪಾಠ ಪೂರ್ತಿಯಾಗುವುದಿಲ್ಲ. ಬಿಟ್ಟು ಹೋಗುವ ವಿಷಯದಲ್ಲಿ ಅಧ್ಯಕ್ಷರಿಗೂ ವ್ಯವಸ್ಥಾಪಕರಿಗೂ ಬಹಳ ವ್ಯತ್ಯಾಸವಿತ್ತು. ತ್ರಿಭುವನದಾಸರು 1970ರ ದಶಕದ ಆರಂಭದಲ್ಲಿ, ಯಾರೂ ಕೇಳದಿದ್ದರೂ, ತಾವಾಗಿ ಅಧ್ಯಕ್ಷಗಿರಿ ಬಿಟ್ಟರು. ಸದಸ್ಯರು ತಲೆಗೆ ಒಂದು ರೂಪಾಯಿಯಂತೆ ಕೂಡಿಸಿ ಕೊಟ್ಟ ಆರು ಲಕ್ಷ ರೂಪಾಯಿಯನ್ನು ಹಳ್ಳಿಯ ತಾಯಂದಿರ ಮತ್ತು ಮಕ್ಕಳ ಆರೋಗ್ಯ ನೋಡುವ ಸಂಸ್ಥೆಗೆ ಹಾಕಿದರು. ಕುರಿಯನ್ 1965ರಿಂದ 1998ರವರೆಗೆ ರಾಷ್ಟ್ರೀಯ ಡೇರಿ ಅಭಿವೃದ್ಧಿ ಮಂಡಳಿಯ ಅಧ್ಯಕ್ಷರಾಗಿದ್ದರು. ಗುಜರಾತ್ ಹಾಲು ಮಾರಾಟ ಮಹಾಮಂಡಳದ ಅಧ್ಯಕ್ಷಗಿರಿಯನ್ನು 1973ರಿಂದ ಹಿಡಿದು, ಭಿನ್ನಾಭಿಪ್ರಾಯಗಳ ನಡುವೆ 2006ರಲ್ಲಿ ಬಿಟ್ಟರು. ದೇಶಕ್ಕೆ ಕ್ಷೀರ ಕ್ರಾಂತಿ ಕೊಟ್ಟವರ ಸೇವೆಯನ್ನು ಇದು ಕಡಿಮೆ ಮಾಡುವುದಿಲ್ಲ. ಆದರೆ ನಮ್ಮ ಊರಿನ ಸಂಘಕ್ಕೆ ಮಾದರಿ ಹುಡುಕುವುದಾದರೆ, ಕುರ್ಚಿ ಬಿಡುವ ವಿಷಯದಲ್ಲಿ ತ್ರಿಭುವನದಾಸರೇ ಮೇಲು ಎಂಬುದು ನಮ್ಮ ಅಭಿಪ್ರಾಯ. ಇಪ್ಪತ್ತು ವರ್ಷ ಒಬ್ಬರೇ ನಡೆಸಿದ ಸಂಘದಲ್ಲಿ ಎರಡನೆಯವನಿಗೆ ಲೆಕ್ಕದ ಪುಸ್ತಕ ಎಲ್ಲಿದೆ ಎಂಬುದೂ ಗೊತ್ತಿರುವುದಿಲ್ಲ.

1976ರಲ್ಲಿ ಗುಜರಾತಿನ ಐದು ಲಕ್ಷ ರೈತರು ತಲಾ ಎರಡು ರೂಪಾಯಿ ಹಾಕಿ ನಿರ್ಮಿಸಿದ 'ಮಂಥನ್' ಚಿತ್ರದಲ್ಲಿ ಇದೇ ವಿಷಯವಿದೆ. ಶ್ಯಾಮ್ ಬೆನೆಗಲ್ ನಿರ್ದೇಶನ, ಪಶುವೈದ್ಯ ಡಾ. ರಾವ್ ಆಗಿ ನಮ್ಮ ಗಿರೀಶ ಕಾರ್ನಾಡರು, ಜೊತೆಗೆ ಅನಂತ್ ನಾಗ್ ಇದ್ದಾರೆ. ಕೊನೆಯಲ್ಲಿ ಡಾ. ರಾವ್ ವರ್ಗವಾಗಿ ಹೋಗುತ್ತಾರೆ, ಸಂಘವನ್ನು ಕೈಗೆ ತೆಗೆದುಕೊಳ್ಳುವವನು ಊರಿನ ಭೋಲಾ. ಸಾಧ್ಯವಾದರೆ ಸಂಘದ ಮುಂದೆ ಒಂದು ಸಂಜೆ ಪರದೆ ಕಟ್ಟಿ ಇದನ್ನು ತೋರಿಸಿ.

ನಮ್ಮ ಊರಿನ ಭೋಲಾಗಳು ಎಲ್ಲಿಂದ ಬರಬೇಕು? ಪಿಯುಸಿ ಮುಗಿಸಿದ ಹುಡುಗರು ಬೆಂಗಳೂರಿಗೆ ದುಡಿಯಲು ಹೋಗುತ್ತಾರೆ, ಹುಡುಗಿಯರು ಮನೆಯಲ್ಲಿ ಉಳಿಯುತ್ತಾರೆ. ಆ ಹುಡುಗಿಯರಲ್ಲೇ ಒಬ್ಬಳಿಗೆ ಹಾಲು ಪರೀಕ್ಷೆ, ಕಂಪ್ಯೂಟರ್ ಕಲಿಸಿದರೆ ಮಹಿಳಾ ಸಂಘಕ್ಕೆ ಕಾರ್ಯದರ್ಶಿ ಸಿದ್ಧ. ಓದು ಮುಂದುವರಿಸುವವರಿಗೂ ದಾರಿ ದೂರವಿಲ್ಲ. ಪಶುವೈದ್ಯಕೀಯ ಮತ್ತು ಪಶುಸಂಗೋಪನೆಯ ವಿಶ್ವವಿದ್ಯಾಲಯ ಬೀದರಿನಲ್ಲಿದೆ. ಅದರ ಡೇರಿ ವಿಜ್ಞಾನ ಕಾಲೇಜು ಬೆಂಗಳೂರಿನ ಹೆಬ್ಬಾಳದಲ್ಲಿ ಮಾತ್ರವಲ್ಲ, ಕಲಬುರಗಿ ಜಿಲ್ಲೆಯ ಮಹಾಗಾಂವ್ ಕ್ರಾಸ್‌ನಲ್ಲೂ ಇದೆ. ಹಳ್ಳಿಯ ಸಂಸ್ಥೆಗಳಿಗೆ ವ್ಯವಸ್ಥಾಪಕರನ್ನು ತಯಾರು ಮಾಡಲೆಂದೇ ಕುರಿಯನ್ 1979ರಲ್ಲಿ ಆನಂದ್‌ನಲ್ಲಿ ಕಟ್ಟಿದ ಸಂಸ್ಥೆ ಇರ್ಮಾ. ಪದವಿ ಮುಗಿಸಿದವರು ಅದರ ಪ್ರವೇಶಕ್ಕೆ ಪ್ರಯತ್ನಿಸಬಹುದು. ನಮ್ಮ ರಾಜ್ಯದ ಕಾಲೇಜುಗಳಿಗೆ ಅರ್ಜಿ ಹಾಕುವುದು ಪರೀಕ್ಷಾ ಪ್ರಾಧಿಕಾರದ ಮೂಲಕ. ಇದರಲ್ಲಿ ರೈತರ ಮಕ್ಕಳಿಗೆ ಬೇರೆ ಸೀಟುಗಳಿವೆ, 371(ಜೆ) ಅಡಿ ನಮ್ಮ ಭಾಗದವರಿಗೂ ಮೀಸಲು ಇದೆ. ಎರಡಕ್ಕೂ ಪ್ರಮಾಣಪತ್ರ ಬೇಕು. ಮಗ ಅಥವಾ ಮಗಳು ದ್ವಿತೀಯ ಪಿಯುಸಿ ವಿಜ್ಞಾನದಲ್ಲಿ ಇದ್ದರೆ ಫಲಿತಾಂಶದವರೆಗೆ ಕಾಯದೆ ಈಗಲೇ ಮಾನ್ವಿ ತಹಶೀಲ್ದಾರ್ ಕಚೇರಿಯಲ್ಲಿ ವಿಚಾರಿಸಿ ಅರ್ಜಿ ಕೊಡಿ. ಪಹಣಿ, ಆಧಾರ್, ಶಾಲೆಯ ವ್ಯಾಸಂಗ ಪತ್ರ ಜೊತೆಗಿರಲಿ.